ಅಂದ್ರೆ ಆಂಜಿನಪ್ಪ

ಸುರಪುರ
೩ ಆಗಸ್ಟ್ ೨೦೨೫

ಪ್ರೀತಿಯ ಮಾವನವರಿಗೆ,

ನಿಮ್ಮ ತಂಗಿಯ ಮಗಳು ಪ್ರಮೋದಾ ಮಾಡುವ ನಮಸ್ಕಾರ. ಪೋಸ್ಟ್‌ಮ್ಯಾನ್ ಕಾಗದ ತಂದನೆಂದು ಗಾಬರಿಯಾಗಬೇಡಿ. ನಾನು ಚೆನ್ನಾಗಿದ್ದೇನೆ. ಶಾಲೆಯೂ ಚೆನ್ನಾಗಿದೆ. ಬಿಸಿಲು ಮಾತ್ರ ಇನ್ನೂ ಇಳಿದಿಲ್ಲ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ಕೇಳುತ್ತೀರಿ, ಗೊತ್ತು. ಮೊನ್ನೆ ಫೋನಿನಲ್ಲಿ ನಾನು ಮದುವೆ ಕಾರ್ಡು ಆಫ್‌ಸೆಟ್‌ನಲ್ಲಿ ಮಾಡಿಸೋಣ ಎಂದೆ. ನೀವು "ಅಂದ್ರೆ?" ಎಂದಿರಿ. ಆಫ್‌ಸೆಟ್ ಎಂದರೆ ಹೀಗೆ, ಪ್ಲೇಟು ಮಾಡುತ್ತಾರೆ ಎಂದೆ. "ಪ್ಲೇಟು ಅಂದ್ರೆ?" ಎಂದಿರಿ. ಪ್ಲೇಟಿನಿಂದ ಇಂಕಿಗೆ, ಇಂಕಿನಿಂದ ಬಣ್ಣಕ್ಕೆ ಹೋಗುವಷ್ಟರಲ್ಲಿ ನನ್ನ ಮೊಬೈಲಿನ ಚಾರ್ಜು ಮುಗಿಯಿತು. ಹೇಳಬೇಕಾದ ಮಾತು ಹೊಟ್ಟೆಯಲ್ಲೇ ಉಳಿಯಿತು. ಕಾಗದದ ಸುಖವೇನೆಂದರೆ, ಅದರ ನಡುವೆ ಯಾರೂ ಬಾಯಿ ಹಾಕುವಂತಿಲ್ಲ.

ವಿಷಯ ಇಷ್ಟೆ. ನನ್ನ, ಅಮರ್‌ನ ಮದುವೆಗೆ ನವೆಂಬರ್ ಇಪ್ಪತ್ತಮೂರಕ್ಕೆ ದೇವನಹಳ್ಳಿಯ ಕಲ್ಯಾಣ ಮಂಟಪ ಗೊತ್ತಾಗಿದೆ. ಅಪ್ಪ ಹೋದ ಮೇಲೆ ನನ್ನ ಓದು, ಕೆಲಸ ಎಲ್ಲಕ್ಕೂ ಹೆಗಲು ಕೊಟ್ಟವರು ನೀವು. ಕಾರ್ಡಿನಲ್ಲಿ ಕರೆಯುವವರ ಸಾಲಿನಲ್ಲಿ ಮೊದಲ ಹೆಸರು ನಿಮ್ಮದೇ ಇರಬೇಕು. ಅಮರ್ ಮನೆಯವರು ತಮ್ಮ ಕಡೆಯ ಹೆಸರುಗಳನ್ನು ಕಳಿಸಿದ್ದಾರೆ. ಅವರ ದೊಡ್ಡಪ್ಪ, ಆವತಿಯ ಬೈರಪ್ಪನವರ ಹೆಸರಿನ ಕೆಳಗೆ "ನಿವೃತ್ತ ಮುಖ್ಯೋಪಾಧ್ಯಾಯರು ಹಾಗೂ ವಾಗ್ಮಿಗಳು" ಎಂದಿದೆ. ನಿಮ್ಮ ಹೆಸರಿನ ಕೆಳಗೆ ಏನು ಹಾಕಿಸಲಿ, ಬರೆಯಿರಿ.

ಇನ್ನೊಂದು ಮಾತು. ಆರತಕ್ಷತೆಯ ಸಂಜೆ ಬೈರಪ್ಪನವರು ದಾಂಪತ್ಯದ ಬಗ್ಗೆ ನಾಲ್ಕು ಮಾತಾಡುತ್ತಾರಂತೆ. ಅವರ ಭಾಷಣವಿಲ್ಲದೆ ಆ ಮನೆಯಲ್ಲಿ ಮದುವೆಯೇ ಆಗಿಲ್ಲವಂತೆ. ಆ ಹೊತ್ತಿನಲ್ಲಿ ನಿಮಗೆ ಊಟದ ಹಾಲ್‌ನ ಉಸ್ತುವಾರಿ ಒಪ್ಪಿಸೋಣವೆಂದು ನನ್ನ ಯೋಚನೆ. ನೀವು ಅಲ್ಲಿದ್ದರೆ ಬಡಿಸುವವರು ಕೈ ಹಿಡಿಯುವುದಿಲ್ಲ.

ಅತ್ತೆಗೆ ನನ್ನ ನಮಸ್ಕಾರ.

ನಿಮ್ಮ
ಪ್ರಮೋದಾ

*

ಜೋಡಿಹೊಂಗೇನಹಳ್ಳಿ, ನಂದಗುಡಿ ಹೋಬಳಿ
೧೪ ಆಗಸ್ಟ್ ೨೦೨೫

ಚಿ. ಪ್ರಮೋದಾಳಿಗೆ ಮಾವ ಆಂಜಿನಪ್ಪನ ಆಶೀರ್ವಾದ.

ಕಾಗದದ ನಡುವೆ ಬಾಯಿ ಹಾಕುವಂತಿಲ್ಲ ಎಂದು ನಿನಗೆ ಯಾರು ಹೇಳಿದರು? ನಿನ್ನ ಅತ್ತೆ ಜಗಲಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು, ನಾನು ಓದಿ ಹೇಳುತ್ತಿದ್ದೆ. ನಾನೇ ಮೂರು ಕಡೆ ಬಾಯಿ ಹಾಕಿದೆ. ಅವಳು "ಮೊದ್ಲು ಓದಿ ಮುಗಿಸ್ರಿ, ನಿಮ್ ಬಾಯಿಗೆ ಬೀಗ ಹಾಕ" ಎಂದು ಬೈದಳು.

ಊಟದ ಹಾಲಿನ ಉಸ್ತುವಾರಿ ನನಗೇ ಕೊಟ್ಟದ್ದು ಬಹಳ ಸಂತೋಷ. ಇಷ್ಟು ದೊಡ್ಡ ಜವಾಬ್ದಾರಿಗೆ ನಂಬಿಕಸ್ತರೇ ಬೇಕು. ಆದರೆ ಬೈರಪ್ಪನವರ ಮಾತನ್ನೂ ಬಿಡುವ ಹಾಗಿಲ್ಲ, ಬೀಗರು ಬೇಜಾರಾಗುತ್ತಾರೆ. ಸಾರಿಗೆ ಒಗ್ಗರಣೆ ಬೀಳುತ್ತಿದ್ದ ಹಾಗೆ ಓಡಿಬಂದು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಚಿಂತೆ ಮಾಡಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿನ್ನ ಮಾವ ಇಂಗ್ಲಿಷ್ ಪೇಪರಿನಲ್ಲಿ ಬಂದಿದ್ದಾನೆ.

ಕಳೆದ ತಿಂಗಳು ನಮ್ಮ ಗುಂಡುತೋಪಿನಲ್ಲೇ ಗ್ರಾಮಸಭೆ ಸೇರಿತ್ತು. ಈ ತೋಪು ಊರಿಗೆ ಏನೆಂದು ನಿನಗೆ ಹೇಳಬೇಕಿಲ್ಲ. ಹಾಲಿನ ಕ್ಯಾನು ಇಳಿಯುವುದು ಅಲ್ಲೇ, ಹೆಂಗಸರು ತರಕಾರಿ ವಿಂಗಡಿಸಿ ಕ್ರೇಟಿಗೆ ತುಂಬುವುದು ಅಲ್ಲೇ, ನೀನು ಹುಣಸೆಮರದಿಂದ ಬಿದ್ದು ಕೈ ಮುರಿದುಕೊಂಡದ್ದೂ ಅಲ್ಲೇ. ಅಧ್ಯಕ್ಷ ವೆಂಕಟರಾಯಪ್ಪ ಎದ್ದುನಿಂತು, ಪಕ್ಕದಲ್ಲಿ ಗೋಡೌನು ಕಟ್ಟುತ್ತಿರುವ ಕಂಪನಿಯವರು ದೊಡ್ಡ ಮನಸ್ಸು ಮಾಡಿ ನಮ್ಮ ತೋಪಿನ ಸಮಗ್ರ ಅಭಿವೃದ್ಧಿಗೆ ಮುಂದೆ ಬಂದಿದ್ದಾರೆ ಎಂದ. ನಾನು ಕೂತಲ್ಲಿಂದಲೇ "ಸಮಗ್ರ ಅಂದ್ರೆ?" ಎಂದೆ. ಪೂರ್ತಿ ಎಂದ. "ಅಭಿವೃದ್ಧಿ ಅಂದ್ರೆ?" ಎಂದೆ. ಅವನು ಪಿಡಿಓ ಮುಖ ನೋಡಿದ, ಪಿಡಿಓ ಕಾಗದ ನೋಡಿದ. ಹೀಗೇ ಹೋಗಿ ಹೋಗಿ ವೆಂಕಟರಾಯಪ್ಪ ಮೈಕು ಬಿಸಾಕಿ ಸಭೆ ಮುಂದಕ್ಕೆ ಹಾಕಿದ. ಇನ್ನೊಂದು ಸಭೆಯಲ್ಲಿ ಊರಿನವರ ಒಪ್ಪಿಗೆ ತೆಗೆದುಕೊಳ್ಳುತ್ತಾನಂತೆ. ತೆಗೆದುಕೊಳ್ಳಲಿ, ನಾನು ಇದ್ದೇನಲ್ಲ. ನನಗೆ ದೊಡ್ಡ ಮಾತು ಹಾಗೇ ನುಂಗಲು ಬರುವುದಿಲ್ಲ ಕಣಮ್ಮ, ನಾರು ತೆಗೆಯದ ಹುರುಳಿಕಾಯಿ ಹಾಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಅವತ್ತು ಬೆಂಗಳೂರಿನಿಂದ ರಂಜಿತ ಎಂದು ಪೇಪರಿನ ಹುಡುಗಿ ಬಂದಿದ್ದಳು. ಫೋಟೋ ತೆಗೆದು, ಹೆಸರು ಕೇಳಿ ಬರೆದುಕೊಂಡಳು. ಪೇಪರು ಬಂದ ದಿನ ನಂದಗುಡಿಯ ಜೆರಾಕ್ಸ್ ಅಂಗಡಿ ಅಶೋಕ್ ಓದಿ ಹೇಳಿದ. ನನ್ನನ್ನು "ಹೆಕ್ಲರ್ ಆಂಜಿನಪ್ಪ" ಎಂದು ಹಾಕಿದ್ದಾಳೆ. ಹೆಕ್ಲರ್ ಅಂದರೇನೋ ಅಶೋಕ್ ಎಂದರೆ, "ಕಂಡಕ್ಟರ್, ಡಾಕ್ಟರ್, ಕಲೆಕ್ಟರ್ ಇದ್ದಂಗೆ ಇದೂ ಒಂದು ದೊಡ್ಡ ಹುದ್ದೆನೇ ಇರ್ಬೇಕು ಬಿಡಿ" ಎಂದ. ನನಗೆ ತಕ್ಷಣ ಹೊಳೆಯಿತು. ಅಕ್ಕಿಯಲ್ಲಿ ಕಲ್ಲು ಹೆಕ್ಕುತ್ತೇವಲ್ಲ, ಹಾಗೆ ಮಾತಿನಲ್ಲಿ ಸುಳ್ಳು ಹೆಕ್ಕುವವನು. ಹೆಕ್ಕಲರು. ನಮ್ಮ ಕನ್ನಡದಿಂದಲೇ ಇಂಗ್ಲಿಷಿಗೆ ಹೋಗಿರಬೇಕು.

ಆದ್ದರಿಂದ ಕಾರ್ಡಿನಲ್ಲಿ "ಹೆಕ್ಲರ್ ಆಂಜಿನಪ್ಪ" ಎಂದೇ ಇರಲಿ. ಊರಿನವರು ಇಷ್ಟು ವರ್ಷ ಅಂದ್ರೆ ಆಂಜಿನಪ್ಪ, ಅಂದ್ರೆ ಆಂಜಿನಪ್ಪ ಎಂದು ಆಡಿಕೊಂಡರು. ಈಗ ಆಡಿಕೊಳ್ಳಲಿ ನೋಡೋಣ. ಪೇಪರಿನ ತುಣುಕು ಇದರ ಜೊತೆ ಇಟ್ಟಿದ್ದೇನೆ. ಜೋಪಾನ.

ಇತಿ,
ಹೆಕ್ಲರ್ ಆಂಜಿನಪ್ಪ

*

ಸುರಪುರ
೨೪ ಆಗಸ್ಟ್ ೨೦೨೫

ಪ್ರೀತಿಯ ಮಾವ,

ಕಾಗದ ತಲುಪಿತು, ಪೇಪರಿನ ತುಣುಕೂ ತಲುಪಿತು. ಫೋಟೋ ತುಂಬ ಚೆನ್ನಾಗಿ ಬಂದಿದೆ. ಬಿಳಿ ಶರಟು ನಿಮಗೆ ಒಪ್ಪುತ್ತದೆ. ಹಿಂದೆ ಹೊಂಗೆ ಮರವೂ ಕಾಣುತ್ತಿದೆ.

ಕಾರ್ಡಿನ ವಿಷಯ. ನಾನು ಯೋಚನೆ ಮಾಡಿದೆ. ಕಾರ್ಡು ಕನ್ನಡದ್ದು, ನಡುವೆ ಇಂಗ್ಲಿಷ್ ಪದ ಬಂದರೆ ಅಷ್ಟು ಚೆನ್ನಾಗಿರುವುದಿಲ್ಲ. ಅಮರ್ ಮನೆಯವರಿಗೂ ಇಂಗ್ಲಿಷ್ ಪದ ಇಷ್ಟವಿಲ್ಲವಂತೆ. "ಪ್ರಗತಿಪರ ರೈತರು" ಎಂದು ಹಾಕಿಸೋಣವೇ? ತೂಕವಾಗಿಯೂ ಇದೆ, ನಿಜವೂ ಹೌದು. ನಿಮ್ಮಷ್ಟು ಚೆನ್ನಾಗಿ ಬೀನ್ಸ್ ಬೆಳೆಯುವವರು ಆ ಸುತ್ತಿನಲ್ಲಿ ಯಾರಿದ್ದಾರೆ?

ಇಲ್ಲಿ ಹೆಚ್ಚಿನ ಸುದ್ದಿಯಿಲ್ಲ. ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿದೆ.

ನಿಮ್ಮ
ಪ್ರಮೋದಾ

*

ಜೋಡಿಹೊಂಗೇನಹಳ್ಳಿ
೨ ಸೆಪ್ಟೆಂಬರ್ ೨೦೨೫

ಚಿ. ಪ್ರಮೋದಾಳಿಗೆ ಆಶೀರ್ವಾದ.

ಇಂಗ್ಲಿಷ್ ಪದ ಬೇಡ ಎನ್ನುವ ಬೀಗರು "ರಿಸೆಪ್ಷನ್" ಎಂದು ಯಾಕೆ ಹಾಕಿಸುತ್ತಿದ್ದಾರೆ? ಹುಡುಗನ ಹೆಸರಿನ ಮುಂದೆ "ಅಸಿಸ್ಟೆಂಟ್ ಮ್ಯಾನೇಜರ್" ಎಂದು ಯಾಕಿದೆ? ನೀನು ಇಂಗ್ಲಿಷ್ ಮೇಡಂ ಆಗಿ ಇಂಗ್ಲಿಷನ್ನೇ ಬೇಡ ಎನ್ನುತ್ತೀಯಲ್ಲ, ಮೀನು ನೀರು ಬೇಡ ಎಂದ ಹಾಗಾಯಿತು.

ನನಗೆ ಒಳಗುಟ್ಟು ಗೊತ್ತಾಗಿದೆ ಬಿಡು. ಬೈರಪ್ಪನವರ ವಾಗ್ಮಿಗಿಂತ ನನ್ನ ಹೆಕ್ಲರ್ ಎತ್ತರವಾಗಿ ಕಾಣುತ್ತದೆಂದು ಅವರ ಕಡೆಯವರಿಗೆ ಇರಿಸುಮುರಿಸು. ನೀನು ಪಾಪ ಆ ಮನೆಗೆ ಹೋಗಿ ಬಾಳಬೇಕಾದವಳು, ಹೇಳಲಾರದೆ ಸುತ್ತಿ ಬಳಸಿ ಬರೆದಿದ್ದೀಯ. ಅದಕ್ಕೊಂದು ದಾರಿಯಿದೆ. ಬೈರಪ್ಪನವರ ಹೆಸರಿನ ಹಿಂದೆಯೂ ಏನಾದರೂ ಇಂಗ್ಲಿಷಿನದು ಅಂಟಿಸೋಣ. ಖರ್ಚೇನು?

ಇಲ್ಲಿ ಎಲ್ಲ ಜೋರಾಗಿ ನಡೆಯುತ್ತಿದೆ. ಗೇಟಿಗೆ "ಹೆಕ್ಲರ್ ಆಂಜಿನಪ್ಪ" ಎಂದು ಬೋರ್ಡು ಹಾಕಿಸಿದ್ದೇನೆ, ಹಳದಿಯ ಮೇಲೆ ಕೆಂಪಕ್ಷರ. ಹಾಲು ಹಾಕಲು ಬರುವವರೆಲ್ಲ ನಿಂತು ಓದಿಕೊಂಡು ಹೋಗುತ್ತಾರೆ. ವೆಂಕಟರಾಯಪ್ಪ ಕೂಡ ಗಾಡಿ ನಿಲ್ಲಿಸಿ ಬೋರ್ಡು ನೋಡಿದ. ನೋಡಿ ಬಾಯ್ತುಂಬ ನಕ್ಕು, "ಸರಿಯಾಗಿ ಬರ್ಸಿದೀರಾ ಆಂಜಿನಪ್ನೋರೆ, ನಂಗೂ ಇದೇ ಬೇಕಾಗಿತ್ತು" ಎಂದು ಕೈ ಮುಗಿದ. ಅವನ ಜೊತೆ ಇದ್ದವರಿಗೆಲ್ಲ ಫೋಟೋ ತೆಗೆದುಕೊಳ್ಳಲು ಹೇಳಿದ. ಮನುಷ್ಯ ಎಷ್ಟೇ ಹಗೆ ಕಟ್ಟಿಕೊಂಡಿರಲಿ, ಅಕ್ಷರಕ್ಕೆ ಮರ್ಯಾದೆ ಕೊಟ್ಟ. ಅದು ನನಗೆ ಮೆಚ್ಚುಗೆಯಾಯಿತು.

ಕಾರ್ಡಿನ ಮಾದರಿ ಅಶೋಕ್ ತೋರಿಸಿದ. ಗಣಪತಿ ಸ್ವಲ್ಪ ಸಣಕಲಾಗಿದ್ದಾನೆ, ದಪ್ಪ ಮಾಡಲು ಹೇಳಿದ್ದೇನೆ. ಹದಿನೈದನೇ ತಾರೀಕು ಹೊಸಕೋಟೆಗೆ ಪ್ರಿಂಟಿಗೆ ಹೋಗುತ್ತದೆ.

ಇತಿ,
ಹೆಕ್ಲರ್ ಆಂಜಿನಪ್ಪ

*

ಸುರಪುರ
೮ ಸೆಪ್ಟೆಂಬರ್ ೨೦೨೫
(ಸ್ಪೀಡ್ ಪೋಸ್ಟ್)

ಮಾವ,

ವೆಂಕಟರಾಯಪ್ಪ ನಕ್ಕದ್ದನ್ನು ಓದಿ ನನಗೆ ಊಟ ಸೇರಲಿಲ್ಲ. ಆ ಬೋರ್ಡು ತೆಗೆಸಿಬಿಡಿ. ಕಾರ್ಡಿನಿಂದಲೂ ತೆಗೆಸಿ.

ನಾನು ಹೋದ ಕಾಗದದಲ್ಲೇ ಹೇಳಬೇಕಿತ್ತು. ನಿಮ್ಮ ಖುಷಿ ನೋಡಿ ಬಾಯಿ ಬರಲಿಲ್ಲ. ಹೆಕ್ಲರ್ ಅಂದರೆ ಹುದ್ದೆ ಅಲ್ಲ. ಸಭೆಯಲ್ಲಿ ಒಬ್ಬರು ಮಾತಾಡುವಾಗ ನಡುನಡುವೆ ಬಾಯಿ ಹಾಕಿ ಅವರನ್ನು ಕಾಡುವವನು ಎಂದು ಅರ್ಥ. ಆ ಹುಡುಗಿ ನಿಮ್ಮನ್ನು ಬೈದು ಬರೆದಿಲ್ಲ, ಆದರೆ ಹೊಗಳಿಯೂ ಬರೆದಿಲ್ಲ. ಅಮರ್ ಮನೆಯವರು ಇಂಗ್ಲಿಷ್ ಬೇಡ ಎಂದರು ಎಂದದ್ದು ನಾನು ಕಟ್ಟಿದ ಮಾತು, ಅವರಿಗೆ ಏನೂ ಗೊತ್ತಿಲ್ಲ.

ತಪ್ಪು ತಿಳಿಯಬೇಡಿ ಮಾವ.

ಪ್ರಮೋದಾ

*

ಜೋಡಿಹೊಂಗೇನಹಳ್ಳಿ
೧೬ ಸೆಪ್ಟೆಂಬರ್ ೨೦೨೫

ಚಿ. ಸೌ. ಕುಮಾರಿ ಪ್ರಮೋದಾ ಅವರಿಗೆ ಆಶೀರ್ವಾದಗಳು.

ಕಾಗದ ತಲುಪಿತು. ಬೋರ್ಡು ತೆಗೆಸಿದೆ. ಕಾರ್ಡಿನಲ್ಲಿ ಬರೀ ಹೆಸರು ಹಾಕಲು ಹೇಳಿದ್ದೇನೆ.

ಊಟದ ಹಾಲಿನ ಉಸ್ತುವಾರಿ ಯಾಕೆಂದು ಈಗ ತಿಳಿಯಿತು. ಅಲ್ಲೇ ಇರುತ್ತೇನೆ. ಈಚೆ ಬರುವುದಿಲ್ಲ.

ಇತಿ,
ಆಂಜಿನಪ್ಪ

*

ಸುರಪುರ
೨೮ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಾವ,

ನಿಮ್ಮ ಕಾಗದದಲ್ಲಿ ನನ್ನನ್ನು "ಅವರಿಗೆ" ಎಂದು ಕರೆದಿದ್ದೀರಿ. ಹುಟ್ಟಿದಾಗಿನಿಂದ ನೀವು ನನ್ನನ್ನು ಅವರು ಎಂದದ್ದಿಲ್ಲ. ಆ ಒಂದು ಪದ ಓದಿ ಸ್ಟಾಫ್ ರೂಮಿನಲ್ಲೇ ಅತ್ತುಬಿಟ್ಟೆ.

ನಾಲ್ಕು ಸಲ ಫೋನು ಮಾಡಿದೆ. ನೀವು "ಹೂಂ, ಸರಿ, ಆಯ್ತು" ಎಂದಿರಿ. ನಾನು ಹೇಳಬೇಕೆಂದಿದ್ದ ವಾಕ್ಯಗಳೆಲ್ಲ ಯಾರ ಅಡ್ಡಿಯೂ ಇಲ್ಲದೆ ಮುಗಿದವು. ಇಷ್ಟು ವರ್ಷ ಅದನ್ನೇ ಬಯಸಿದ್ದೆ. ಸಿಕ್ಕಾಗ ಒಂದಿಷ್ಟೂ ಚೆನ್ನಾಗಿರಲಿಲ್ಲ. ಅಮ್ಮ ಹೇಳಿದಳು, ಡೈರಿಯಲ್ಲಿ ಸೆಕ್ರೆಟರಿ ನಿಮ್ಮ ಹಾಲಿಗೆ ಫ್ಯಾಟ್ ಕಡಿಮೆ ಎಂದಾಗಲೂ ನೀವು ಅಂದ್ರೆ ಎನ್ನಲಿಲ್ಲವಂತೆ. ಅತ್ತೆ ಹೆದರಿ ನಿಮ್ಮನ್ನು ಹೊಸಕೋಟೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಎನ್ನುತ್ತಿದ್ದಾಳಂತೆ.

ನಾನು ಅವತ್ತು ಪದದ ಅರ್ಥ ಮಾತ್ರ ಹೇಳಿದೆ, ಹುಟ್ಟು ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ. ನೀವು ಎದುರಿಗಿದ್ದಿದ್ದರೆ ಇನ್ನೊಂದು ಸಲ "ಅಂದ್ರೆ?" ಎಂದು ಕೇಳುತ್ತಿದ್ದಿರಿ, ನಾನು ಆಗಲೇ ದೊಡ್ಡ ನಿಘಂಟು ಬಿಚ್ಚುತ್ತಿದ್ದೆ. ಯಾವ ಮಾತನ್ನೂ ಬಿಡದ ನೀವು ನಿಮ್ಮ ಬಗ್ಗೆ ಬಂದ ಪದವನ್ನು ಮಾತ್ರ ಒಂದೇ ಸಲಕ್ಕೆ ನುಂಗಿದಿರಿ. ಆದ್ದರಿಂದ ಈಗ ನಾನೇ ನಿಮ್ಮ ಪರವಾಗಿ ಕೇಳಿ ತಿಳಿದುಕೊಂಡು ಬರೆಯುತ್ತಿದ್ದೇನೆ.

ಈ ಕಾಗದದ ಜೊತೆ ಒಂದು ಪೊಟ್ಟಣ ಇದೆ. ಅದು ಅಗಸಿ ಹಿಂಡಿ. ಇಲ್ಲಿಯವರು ರೊಟ್ಟಿಯ ಜೊತೆ ತಿನ್ನುವ ಚಟ್ನಿಪುಡಿ. ಮೊದಲು ಅದನ್ನು ಬಾಯಿಗೆ ಹಾಕಿಕೊಳ್ಳಿ. ಆಮೇಲೆ ಮುಂದೆ ಓದಿ.

ಅಗಸೆ ಗಿಡದ ಕಾಳಿನಲ್ಲಿ ಚಟ್ನಿಯಾದರೆ, ಅದರ ಕಾಂಡದಲ್ಲಿ ನಾರು. ನಾವು ಕತ್ತಾಳೆಯನ್ನು ಕೊಳೆಹಾಕಿ ಬಡಿದು ನಾರು ತೆಗೆಯುತ್ತೇವಲ್ಲ, ಹಾಗೇ. ಆ ನಾರು ಮೊದಲು ಸಿಕ್ಕುಸಿಕ್ಕಾಗಿರುತ್ತದೆ, ಹೊಟ್ಟು ಅಂಟಿಕೊಂಡಿರುತ್ತದೆ. ನೂಲಬೇಕಾದರೆ ಬಾಚಬೇಕು. ಹಲಗೆಯ ಮೇಲೆ ಕಬ್ಬಿಣದ ಹಲ್ಲುಗಳನ್ನು ನೆಟ್ಟಗೆ ನಿಲ್ಲಿಸಿದ ಒಂದು ಬಾಚಣಿಗೆ ಇರುತ್ತಿತ್ತಂತೆ. ಇಂಗ್ಲಿಷಿನಲ್ಲಿ ಅದರ ಹೆಸರು ಹೆಕಲ್. ಅದರಲ್ಲಿ ನಾರು ಬಾಚುವ ಕೆಲಸಗಾರ ಹೆಕ್ಲರ್. ಆ ಪದದ ಮೊದಲ ಅರ್ಥ ಇದು ಮಾವ, ಅಚ್ಚ ಕೈಕೆಲಸದ ಹೆಸರು.

ಸ್ಕಾಟ್ಲೆಂಡಿನಲ್ಲಿ ಡಂಡೀ ಎಂಬ ಊರಿದೆ. ಅಲ್ಲಿಯ ಹೆಕ್ಲರುಗಳು ಬಹಳ ಗಟ್ಟಿ ಆಸಾಮಿಗಳಂತೆ. ಕೆಲಸ ಮಾಡುವಾಗ ಒಬ್ಬ ಪೇಪರು ಹಿಡಿದು ಗಟ್ಟಿಯಾಗಿ ಓದುವುದು, ಮಿಕ್ಕವರು ನಾರು ಬಾಚುತ್ತಲೇ ಅವನ ಮಾತಿಗೆ ನಡುನಡುವೆ ಬಾಯಿ ಹಾಕಿ ಜಗಳ ತೆಗೆಯುವುದು ಅಲ್ಲಿಯ ಪದ್ಧತಿ ಎಂದು ಹೇಳುತ್ತಾರೆ. ಆಮೇಲೆ ಆ ನಾಡಿನಲ್ಲಿ ವೋಟು ಕೇಳಲು ಬಂದವರನ್ನು ಎಲ್ಲರ ಮುಂದೆ ಬಿಡದೆ ಪ್ರಶ್ನೆ ಕೇಳುವುದಕ್ಕೂ ಹೆಕಲ್ ಮಾಡುವುದು ಎಂದೇ ಹೆಸರಾಯಿತು. ಸಿಕ್ಕು ಬಿಡುವವರೆಗೆ ಬಾಚುವುದು ಎಂದರ್ಥ. ಕಾಡುವವನು ಎಂಬ ಅರ್ಥ ಹಿಂದಿನಿಂದ ಬಂದದ್ದು. ಅದನ್ನು ಅಂಟಿಸಿದವರು ಭಾಷಣ ಮಾಡುವವರೇ ಇರಬೇಕೆಂದು ನನ್ನ ಗುಮಾನಿ.

ಇನ್ನೊಂದು ತಮಾಷೆ. ಅಜ್ಜಿ ಬಾಚಣಿಗೆ ಹಿಡಿದು ನನ್ನನ್ನು ಮುಂದೆ ಕೂರಿಸಿಕೊಂಡು "ಬಾರೇ, ತಲೆ ಹಿಕ್ತೀನಿ" ಎನ್ನುತ್ತಿದ್ದಳಲ್ಲ, ನೆನಪಿದೆಯೇ? ಹಿಕ್ಕುವುದು, ಹೆಕಲ್. ನಿಘಂಟಿನ ಪ್ರಕಾರ ಈ ಎರಡು ಪದಗಳಿಗೆ ಯಾವ ನೆಂಟಸ್ತಿಕೆಯೂ ಇಲ್ಲ, ಸುಮ್ಮನೆ ಹಾಗೆ ಒದಗಿಬಂದಿದೆ. ಆದರೆ ನೋಡಿ, ನೀವು ಹೆಕ್ಕುವವನು ಎಂದಿರಿ. ನಿಮಗೆ ತಪ್ಪಿದ್ದು ಒಂದೇ ಅಕ್ಷರ. ಹಿಕ್ಕುವವನು. ಅಜ್ಜಿ ಹಿಕ್ಕುವಾಗ ನಾನು ಊರು ಒಂದಾಗುವ ಹಾಗೆ ಕಿರುಚುತ್ತಿದ್ದೆ. ಕಿರುಚಿದೆನೆಂದು ಅವಳು ಬಿಟ್ಟಿದ್ದರೆ ಜಡೆ ಎಲ್ಲಿ ಬರುತ್ತಿತ್ತು?

ಒಂಬತ್ತನೇ ತಾರೀಕು ಮತ್ತೆ ಗ್ರಾಮಸಭೆ ಇದೆ ಎಂದು ಅಮ್ಮ ಹೇಳಿದಳು. ತೋಪಿನ ಒಪ್ಪಿಗೆ ಅವತ್ತೇ ಅಂತೆ. ನೀವು ಸುಮ್ಮನಿದ್ದರೆ ತೋಪು ಹೋಗುತ್ತದೆ, ಮತ್ತು ಅದು ನನ್ನ ಕಾಗದದಿಂದ ಹೋಗುತ್ತದೆ. ದಯವಿಟ್ಟು ಬಾಯಿ ತೆಗೆಯಿರಿ ಮಾವ. ದಸರಾ ರಜೆಯಲ್ಲಿ ಅಂಚೆ ತಡವಾಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ನಿಮ್ಮ, ಯಾವಾಗಲೂ ನಿಮ್ಮ,
ಪ್ರಮೋದಾ

*

ಜೋಡಿಹೊಂಗೇನಹಳ್ಳಿ
೧೨ ಅಕ್ಟೋಬರ್ ೨೦೨೫

ಪ್ರಮೋದಾ, ಲೇ ಮುದ್ದು,

ನಿನ್ನ ಪೊಟ್ಟಣ ಸಭೆಯ ದಿನವೇ ಬೆಳಿಗ್ಗೆ ಬಂತು. ಹಿಂಡಿಯನ್ನು ನಿನ್ನ ಅತ್ತೆ ಕಿತ್ತುಕೊಂಡಳು. ಕಾಗದವನ್ನು ನಾನು ಒಡೆಯದೆ ಜೇಬಿಗೆ ಹಾಕಿಕೊಂಡೆ. ಕೋಪವಿತ್ತು, ಹೇಳುವುದೇ ಸರಿ. ನಿನ್ನ ಮೇಲಲ್ಲ, ನನ್ನ ಮೇಲೆ. ವೆಂಕಟರಾಯಪ್ಪ ಬಾಯ್ತುಂಬ ನಕ್ಕಾಗ ಹಲ್ಲು ಬಿಟ್ಟುಕೊಂಡು ಕೈ ಮುಗಿದವನು ನಾನೇ ತಾನೆ? ಇನ್ನು ಈ ಬಾಯಿ ಊಟಕ್ಕೆ ಮಾತ್ರ ಎಂದು ತೀರ್ಮಾನ ಮಾಡಿದ್ದೆ.

ತೋಪಿನಲ್ಲಿ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಪಿಡಿಓ "ಗುಂಡುತೋಪಿನ ಸಮಗ್ರ ಅಭಿವೃದ್ಧಿ" ಎಂದು ಓದಿ, ನಿಲ್ಲಿಸಿ, ನನ್ನ ಕಡೆ ನೋಡಿದ. ಪಾಪ, ಅಭ್ಯಾಸಬಲ. ನಾನು ಚಪ್ಪಲಿ ನೋಡಿಕೊಂಡು ಕೂತೆ. "ಓದಿ ಸಾರ್, ಹೆಕ್ಲರ್ ಸಾಹೇಬ್ರು ಇವತ್ತು ರಜಾ" ಎಂದು ವೆಂಕಟರಾಯಪ್ಪ ಮೈಕಿನಲ್ಲೇ ಹೇಳಿದ. ಅವನ ಕಡೆಯವರು ನಕ್ಕರು. ಪಿಡಿಓ ಮುಂದೆ ಓದಿದ. "ಬಹೂಪಯೋಗಿ ಸರಕು ವಾಹನ ತಂಗುದಾಣ" ಎಂದು ಏನೋ ಬಂತು. ಗಂಟಲಲ್ಲಿ ನಾರು ಸಿಕ್ಕಿದ ಹಾಗಾಯಿತು. ನುಂಗಿದೆ. ಒಪ್ಪಿಗೆಯಿದ್ದವರು ಕೈ ಎತ್ತಿ ಎಂದರು. ಕೈಗಳು ಏಳತೊಡಗಿದವು.

ಆಗ ಕೇಳಿತು ನೋಡು, "ಅಂದ್ರೆ?" ಎಂದು.

ಒಂದು ಗಳಿಗೆ ನನ್ನ ಬಾಯಿಯೇ ಜಾರಿತೇನೋ ಎಂದು ಗಾಬರಿಯಾಯಿತು. ನನ್ನದಲ್ಲ, ಹೆಣ್ಣುದನಿ. ತಿರುಗಿ ನೋಡಿದರೆ ನಿನ್ನ ಅತ್ತೆ ಸಪ್ಪಲಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದುನಿಂತಿದ್ದಾಳೆ. ಮದುವೆಯಾದ ದಿನದಿಂದ ನನ್ನ ಬಾಯಿಗೆ ಬೀಗ ಹುಡುಕುತ್ತಿರುವವಳು.

ಪಿಡಿಓ, ತಂಗುದಾಣ ಅಂದರೆ ಗಾಡಿ ನಿಲ್ಲುವ ಜಾಗ ಅಮ್ಮ ಎಂದ. ಯಾವ ಗಾಡಿ ಎಂದಳು. ಸರಕು ವಾಹನ ಎಂದ. "ಅಂದ್ರೆ?" ಎಂದಳು. ಅವನು ಸಣ್ಣ ದನಿಯಲ್ಲಿ "ಲಾರಿ" ಎಂದ.

"ಲಾರಿ ನಿಂತ್ರೆ ನಾವು ಬೀನ್ಸ್ ಎಲ್ಲಿ ಹರಡ್ಕೊಳ್ಳೋದು ಸ್ವಾಮಿ? ಮರಗಳ ಗತಿ ಏನು?"

ಅವಶ್ಯವಿದ್ದಲ್ಲಿ ಕೆಲವು ಮರಗಳ ತೆರವು ಎಂದು ಅವನು ಓದಿದ. ಈ ಸಲ ಅವಳೊಬ್ಬಳೇ ಅಲ್ಲ, ಹಾಲಿನ ಡೈರಿಯ ಹೆಂಗಸರೆಲ್ಲ ಒಟ್ಟಿಗೆ "ತೆರವು ಅಂದ್ರೆ?" ಎಂದರು. ಮರದ ಮೇಲಿನ ಗೊರವಂಕಗಳು ಎದ್ದು ಹಾರಿದವು. ಎತ್ತಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದವು. ಕೆಲವರು ತಲೆ ಕೆರೆದುಕೊಳ್ಳಲು ಎತ್ತಿದ್ದೆವು ಎನ್ನುವ ಹಾಗೆ ತಲೆ ಕೆರೆದುಕೊಂಡರು. ಒಪ್ಪಿಗೆ ಬಿದ್ದುಹೋಯಿತು. ಪಿಡಿಓ ಅದನ್ನು ಎಲ್ಲರ ಮುಂದೆ ಪುಸ್ತಕದಲ್ಲಿ ಬರೆದ, ಹಾಲಿನ ಸೊಸೈಟಿಯ ನವ್ಯಶ್ರೀ ಎಂಬ ಹುಡುಗಿ ಪಕ್ಕದಲ್ಲಿ ನಿಂತು ಒಂದೊಂದು ಅಕ್ಷರ ಓದಿಸಿದಳು.

ಆಮೇಲೆ ನಿನ್ನ ಅತ್ತೆ ನನ್ನ ಮುಂದೆ ಬಂದು ನಿಂತಳು. "ಮನೇಲಿ ಉಪ್ಪು ಕಮ್ಮಿ ಅಂದ್ರೂ ಅಂದ್ರೆ ಅಂತೀರ. ಇಲ್ಲಿ ಮರ ಹೋಗ್ತಿದ್ರೂ ಮೂಕಬಸವನಂಗೆ ಕೂತಿದೀರಲ್ಲ. ನೀವು ಹಿಂಗೆ ಸುಮ್ನಿದ್ರೆ ನಂಗೆ ಭಯ ಆಗುತ್ತೆ ಕಣ್ರಿ" ಎಂದಳು. ಅಷ್ಟು ಜನರ ಮುಂದೆ ಅವಳ ಕಣ್ಣಲ್ಲಿ ನೀರು. ಜೇಬಿಗೆ ಕೈ ಹಾಕಿದೆ, ವಸ್ತ್ರಕ್ಕೆ. ಸಿಕ್ಕಿದ್ದು ನಿನ್ನ ಕಾಗದ.

ಅಲ್ಲೇ ಹೊಂಗೆ ಬುಡದಲ್ಲಿ ಕೂತು ಒಡೆದೆ. ಹೆಂಗಸರು ಸಂಜೆಯ ಲೋಡಿಗೆ ಬೀನ್ಸ್ ವಿಂಗಡಿಸಲು ಕೂತಿದ್ದರು. ಏನ್ ಬರ್ದಿದಾಳೆ ಹುಡುಗಿ, ಗಟ್ಟಿಯಾಗಿ ಓದಿ ಎಂದರು. ಓದಿದೆ. ಅಯ್ಯೋ ಶಿವನೆ, ಓದಲು ಬಿಟ್ಟರೆ ತಾನೆ. ಅಗಸೆ ಎಂದರೆ ಅಂದ್ರೆ ಎನ್ನುತ್ತಾರೆ. ಡಂಡೀ ಎಂದರೆ ಅಂದ್ರೆ ಎನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ಅತ್ತಳು ಎಂದರೆ, ಹುಡುಗೀನ ಯಾಕ್ ಅಳ್ಸಿದ್ರಿ ಎಂದು ನನ್ನ ಮೇಲೇ ಬೀಳುತ್ತಾರೆ. ಕೈ ಮಾತ್ರ ಒಂದು ನಿಮಿಷ ನಿಲ್ಲಲಿಲ್ಲ, ಕೆಟ್ಟ ಕಾಯಿ ಈಚೆ, ಒಳ್ಳೆಯದು ಕ್ರೇಟಿಗೆ. ಒಂದು ಕಾಗದ ಓದಿ ಮುಗಿಸುವಷ್ಟರಲ್ಲಿ ಕ್ರೇಟುಗಳೆಲ್ಲ ತುಂಬಿ ಟೆಂಪೋ ಬಂದಿತ್ತು.

ಪೇಪರು ಓದುವವನ ನಡುವೆ ಬಾಯಿ ಹಾಕುತ್ತಿದ್ದರು ಎಂಬ ಸಾಲು ಓದುವಾಗ ನನಗೇ ತಡೆಯಲಾಗದೆ ನಗು ಬಂತು. ಹೆಂಗಸರು ಯಾಕೆಂದು ಕೇಳಿದರು. ನಾನು ಹೇಳಲಿಲ್ಲ. ಬೇಕಾದರೆ ಇನ್ನೊಂದು ಸಲ ಕೇಳಲಿ ಎಂದು ಸುಮ್ಮನಿದ್ದೆ. ಕೇಳಿದರು.

ನಡುವೆ ಬಾಯಿ ಹಾಕಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು ಕಣಮ್ಮ. ಪಿಡಿಓ ಮೇಲೆ ಸ್ವಲ್ಪ ಕನಿಕರವೂ ಬಂತು. ಹಾಗೆಂದು ಬಿಡುವುದಿಲ್ಲ.

ಬೋರ್ಡನ್ನು ಕೊಟ್ಟಿಗೆಯಿಂದ ತೆಗೆದು ಒರೆಸಿ ಮತ್ತೆ ಹಾಕಿದ್ದೇನೆ. ಒಂದು ಬದಲಾವಣೆ ಮಾಡಿಸಿದೆ. ನನ್ನ ಹೆಸರಿನ ಮೇಲ್ಗಡೆ "ಹೆಕ್ಲರ್ ಸಪ್ಪಲಮ್ಮ ಮತ್ತು" ಎಂದು ಸೇರಿಸಿದೆ. ವೆಂಕಟರಾಯಪ್ಪ ಈಗ ಆ ದಾರಿಯಲ್ಲಿ ಗಾಡಿ ನಿಲ್ಲಿಸುವುದಿಲ್ಲ. ಕಾರ್ಡಿನಲ್ಲಿ ಬರೀ ಹೆಸರೇ ಇರಲಿ, ಪ್ರಿಂಟಾಗಿ ಬಂದಿದೆ. ಗಣಪತಿ ದಪ್ಪಗಾಗಿದ್ದಾನೆ.

ಅಗಸಿ ಹಿಂಡಿ ಇನ್ನೊಂದಿಷ್ಟು ಕಳಿಸು. ನನಗೆ ಒಂದು ಚಮಚವೂ ಸಿಗಲಿಲ್ಲ.

ಇತಿ,
ನಿನ್ನ ಮಾವ

*

ಸುರಪುರ
೨೬ ಅಕ್ಟೋಬರ್ ೨೦೨೫

ಪ್ರೀತಿಯ ಮಾವ,

ನಿಮ್ಮ ಕಾಗದವನ್ನು ನಾನೂ ಗಟ್ಟಿಯಾಗಿ ಓದಿದೆ, ನನ್ನ ಮನೆಯ ಒಡತಿ ಅವ್ವನವರಿಗೆ. "ಪಿಡಿಓ, ಹಂಗಂದ್ರ?" ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಮ್ಮೂರಿನಿಂದ ಇಲ್ಲಿಯವರೆಗೆ ದಾರಿಯುದ್ದಕ್ಕೂ ಭಾಷೆಯ ರಾಗ ಬದಲಾಗುತ್ತದೆ, ಈ ಪ್ರಶ್ನೆ ಮಾತ್ರ ಎಲ್ಲ ಕಡೆಯೂ ಇದೆ.

ಹಿಂಡಿ ಎರಡು ಡಬ್ಬಿ ಕಳಿಸಿದ್ದೇನೆ. ಒಂದರ ಮೇಲೆ ನಿಮ್ಮ ಹೆಸರು ಬರೆದಿದ್ದೇನೆ.

ಊಟದ ಹಾಲಿಗೆ ಬೇರೆಯವರನ್ನು ಗೊತ್ತು ಮಾಡಿದ್ದೇನೆ. ಮಾವ, ಅದು ನಿಮ್ಮನ್ನು ನಂಬಿ ಕೊಟ್ಟ ಜವಾಬ್ದಾರಿ ಆಗಿರಲಿಲ್ಲ. ನಿಮ್ಮ ಬಾಯಿಗೆ ಹೆದರಿ ಕೊಟ್ಟದ್ದು. ನೀವು ಅದನ್ನು ಕಂಡುಹಿಡಿದಿರಿ, ಆದರೂ ನನ್ನನ್ನು ಬೈಯಲಿಲ್ಲ. ಆರತಕ್ಷತೆಗೆ ಮುಂದಿನ ಸಾಲಿನಲ್ಲಿ, ಸರಿಯಾಗಿ ಮೈಕಿನ ಎದುರು, ನಿಮಗೂ ಅತ್ತೆಗೂ ಕುರ್ಚಿ ಹಾಕಿಸುತ್ತೇನೆ. ಅಮರ್‌ಗೆ ಎಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಬೈರಪ್ಪನವರು ಪ್ರತಿ ಮದುವೆಯಲ್ಲೂ "ದಾಂಪತ್ಯವೆಂದರೆ ಎರಡು ಜೀವಗಳ ಸಾಮರಸ್ಯ" ಎಂದು ಶುರುಮಾಡುತ್ತಾರಂತೆ. ಸಾಮರಸ್ಯ ಎಂದರೆ ಏನೆಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲವಂತೆ. ಅವನಿಗೂ ತಿಳಿದುಕೊಳ್ಳುವ ಆಸೆಯಿದೆ. ನನಗೂ ಇದೆ, ಹೇಗಿದ್ದರೂ ಆ ಮನೆಗೆ ಹೋಗುವವಳು ನಾನು.

ಬಾಯಿ ಹಾಕಿ ಮಾವ. ನೀವು ಸುಮ್ಮನೆ ಕೂತ ಮದುವೆ ನನಗೆ ಬೇಡ. ನಿಮ್ಮ ತಂಗಿಯ ಮಗಳು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ನಿಮ್ಮ
ಪ್ರಮೋದಾ

*

(ಅಂಚೆ ಕಾರ್ಡು)

ಜೋಡಿಹೊಂಗೇನಹಳ್ಳಿ
೩ ನವೆಂಬರ್ ೨೦೨೫

ಚಿ. ಪ್ರಮೋದಾ,

ಹಿಂಡಿ ತಲುಪಿತು. ನನ್ನ ಹೆಸರಿನ ಡಬ್ಬಿಯೂ ನಿನ್ನ ಅತ್ತೆಯ ವಶದಲ್ಲಿದೆ. ಮುಂದಿನ ಸಾಲಿನ ಕುರ್ಚಿಗೆ ಇಬ್ಬರೂ ಬರುತ್ತೇವೆ. ಸಾಮರಸ್ಯದ ಪ್ರಶ್ನೆ ಅವಳೇ ಕೇಳುತ್ತಾಳಂತೆ, ನನಗೆ ಬಿಡುವುದಿಲ್ಲವಂತೆ. ಹಾಗಾಗಿ ನನಗೆ ಅವತ್ತು ಕೆಲಸವಿಲ್ಲ. ನಿನ್ನ ಕಾಗದದ ಕೊನೆಯ ಸಾಲು ನಿನ್ನ ಅತ್ತೆಗೆ ಎರಡು ಸಲ ಓದಿದೆ. ಕೇಳಿಸಿತು ಎಂದಳು, ಆದರೂ ಇನ್ನೊಮ್ಮೆ ಓದಿದೆ. ಕಣ್ಣು ಮಂಜಾಗಿ ಒಂದು ಪದ ಸರಿಯಾಗಿ ತಿಳಿಯಲಿಲ್ಲ. "ಹೆಮ್ಮೆ" ಎಂದು ಬರೆದಿದ್ದೀಯಲ್ಲ.

ಅಂದ್ರೆ? ಊರಿಗೆ ಬಂದಾಗ ಬಿಡಿಸಿ ಹೇಳು. ನಡುವೆ ಬಾಯಿ ಹಾಕುವುದಿಲ್ಲ.